ದೊಡ್ಡ ಬೈಕಿಗೆ ಇಷ್ಟು ಅವಸರವೇಕೆ?

ಮಗ ಕಾಲೇಜು ಸೇರಿದನೆಂದರೆ ನಮ್ಮ ಮನೆಗಳಲ್ಲಿ ಬೈಕಿನ ಮಾತು ಏಳುವುದು ಸಹಜ. ಮೊದಲು ನೂರು ಸಿ.ಸಿ.ಯ ಸಾಧಾರಣ ಬೈಕು ಬರುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಅದು ಅವನ ಕಣ್ಣಿಗೆ ಮುದುಕರ ಗಾಡಿಯಾಗಿಬಿಡುತ್ತದೆ. ಗೆಳೆಯನ ಬಳಿ ಇರುವಂಥದೇ ತನಗೂ ಬೇಕೆಂಬ ಹಟ ಆರಂಭವಾಗುತ್ತದೆ. ಒಬ್ಬನೇ ಮಗನೆಂಬ ಮಮತೆಗೆ ಕರಗಿದ ತಂದೆ ಸಾಲ ಮಾಡಿಯಾದರೂ ಕೊಡಿಸುತ್ತಾನೆ. ಅಂತಹ ತಂದೆತಾಯಿಗಳೊಡನೆ ನಾವು ನಾಲ್ಕು ಮಾತು ಆಡಬೇಕಾಗಿದೆ.

ನೂರು ಸಿ.ಸಿ.ಯ ಬೈಕಿಗೆ ಸುಮಾರು 8 ಅಶ್ವಶಕ್ತಿ. 2013ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಕೆ.ಟಿ.ಎಂ. 390 ಡ್ಯೂಕ್‌ಗೆ ಸುಮಾರು 43. ಶಕ್ತಿ ಐದು ಪಟ್ಟಾದರೂ ತೂಕ ಹೆಚ್ಚುವುದು ಒಂದೂವರೆ ಪಟ್ಟಿನಷ್ಟು ಮಾತ್ರ. ಹೊಸಬನ ಕೈ ಗಾಬರಿಯಲ್ಲಿ ಆಕ್ಸಿಲರೇಟರನ್ನು ತುಸು ಹೆಚ್ಚು ತಿರುಗಿಸಿದರೆ ಸಣ್ಣ ಬೈಕು ಗೊಣಗಿ ಸುಮ್ಮನಾಗುತ್ತದೆ. ದೊಡ್ಡದು ಮುಂದಕ್ಕೆ ಜಿಗಿಯುತ್ತದೆ. ಸಣ್ಣದು ತಪ್ಪನ್ನು ಕ್ಷಮಿಸಿ ಕಲಿಸುತ್ತದೆ. ದೊಡ್ಡದಕ್ಕೆ ಆ ಸಹನೆ ಇಲ್ಲ.

ವೇಗ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಇಮ್ಮಡಿಯಲ್ಲ, ನಾಲ್ಮಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವವನು ಎದುರಿನ ಎಮ್ಮೆಯನ್ನು ಕಂಡು ಬ್ರೇಕಿಗೆ ಕೈಯೊಯ್ಯಲು ಒಂದು ಸೆಕೆಂಡು ತಡೆದರೂ ಅಷ್ಟರಲ್ಲೇ 22 ಮೀಟರ್ ಸಾಗಿರುತ್ತಾನೆ. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುವುದರಿಂದ ಮುಂದಿನ ಬ್ರೇಕನ್ನೇ ಹದವಾಗಿ, ಕ್ರಮೇಣ ಬಿಗಿಯಬೇಕು. ಹೊಸಬರಾದರೋ ಹಿಂದಿನದನ್ನು ತುಳಿದು ಜಾರುತ್ತಾರೆ. ಈ ಹದ ಪುಸ್ತಕದಿಂದ ಬರುವಂಥದಲ್ಲ. ಮಳೆ, ಮರಳು, ತಿರುವುಗಳಲ್ಲಿ ಓಡಿಸಿ ಓಡಿಸಿ ಕೈಗೆ ಬರಬೇಕು. ಎ.ಬಿ.ಎಸ್. ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆಯೇ ಹೊರತು ಸವಾರನಿಗೆ ವಿವೇಕ ಕೊಡುವುದಿಲ್ಲ.

ಬ್ರಿಟನ್ನಿನಲ್ಲಿ ಇದಕ್ಕೆ ಮೆಟ್ಟಿಲುಗಳಿವೆ. 17ನೆಯ ವಯಸ್ಸಿಗೆ 125 ಸಿ.ಸಿ., 19ಕ್ಕೆ ಮಧ್ಯಮ ಶಕ್ತಿಯದು, ಮಿತಿಯಿಲ್ಲದ ಬೈಕಿಗೆ 24. ಮಧ್ಯಮ ಬೈಕಿನ ಲೈಸೆನ್ಸು ಎರಡು ವರ್ಷ ಹೊಂದಿದ್ದವರಿಗೆ ಮಾತ್ರ 21. ನಮ್ಮಲ್ಲಿ 18 ತುಂಬಿದವನು ಕಲಿಕೆಯ ಲೈಸೆನ್ಸು ಪಡೆದು 30 ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು. ನೂರು ಸಿ.ಸಿ.ಯಲ್ಲಿ ಪಾಸಾದವನು ಮರುದಿನವೇ 390ನ್ನು ಏರಿದರೂ ಕಾನೂನು ಕೇಳುವುದಿಲ್ಲ. ಆದುದರಿಂದ ಮೆಟ್ಟಿಲನ್ನು ಮನೆಯೇ ಕಟ್ಟಬೇಕು. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಕ್ರಮವಾಗಿ ಏರುವ ಷಟ್‌ಸ್ಥಲದ ಮಾತು ಕೇಳಿ ಬೆಳೆದವರು ನಾವು. (ಸಣ್ಣ ವಿಷಯಕ್ಕೆ ದೊಡ್ಡ ಹೋಲಿಕೆ ತಂದೆವೆಂದು ಹಿರಿಯರು ಮುನಿಯಬಾರದು.) ಎರಡು ಮಳೆಗಾಲ ಸಣ್ಣ ಬೈಕಿನಲ್ಲಿ ಕಳೆಯಲಿ, ಆಮೇಲೆ 150, ಅನಂತರ ಮುಂದಿನದು. ಇನ್ನೂ 18 ತುಂಬದವನ ಕೈಗೆ ಕೀಲಿ ಕೊಡುವ ತಂದೆಗಂತೂ 2019ರ ತಿದ್ದುಪಡಿಯಂತೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ಕಾದಿರುತ್ತದೆ.

ಧಾರವಾಡದ ನಮ್ಮ ಪರಿಚಿತರೊಬ್ಬರು ಹೀಗೆಯೇ ಹಟ ಹಿಡಿದ ಮಗನನ್ನು ಎರಡು ವರ್ಷ ಕಾಯಿಸಿದರು. ಹುಡುಗ ಮುನಿದು ಊಟ ಬಿಟ್ಟದ್ದೂ ಉಂಟು. ಮೊದಲ ಮಳೆಗೆ ಎಣ್ಣೆ, ಕೆಮ್ಮಣ್ಣು ಕಲಸಿದ ರಸ್ತೆಯಲ್ಲಿ ಹಳೆಯ ಬೈಕಿನೊಡನೆ ಜಾರಿ, ಮೊಣಕಾಲಿನ ತರಚುಗಾಯದೊಂದಿಗೆ ಮನೆಗೆ ಬಂದ. ಅಂದಿನಿಂದ ಊಟ ಬಿಡುವುದು ನಿಂತಿತು. ಈಗ ಅವನಲ್ಲಿ ದೊಡ್ಡ ಬೈಕಿದೆ. ಆದರೆ ಅದರ ಎತ್ತರದ ಇಳಿಜಾರು ಸೀಟಿನಲ್ಲಿ ತಾಯಿ ಕೂರಲೊಲ್ಲರು. ಮಠಕ್ಕೆ ಹೋಗುವಾಗ ಇಬ್ಬರೂ ಹೆಲ್ಮೆಟ್ ಧರಿಸಿ ಆ ಹಳೆಯ ನೂರು ಸಿ.ಸಿ.ಯನ್ನೇ ಏರುತ್ತಾರೆ.