ಸಾಂಬಾರ ಪದಾರ್ಥಗಳ ಹೊರದೇಶದ ವ್ಯಾಪಾರವೂ ಕಡೂರು ಸೀಮೆಯೂ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಮಾಂಸವನ್ನು ಕಟ್ಟಿಗೆಯ ಮಂದವಾದ ಉರಿಯಲ್ಲಿಯೂ ಹೊಗೆಯಲ್ಲಿಯೂ ಬಹಳ ಹೊತ್ತು ಬೇಯಿಸಿ ಉಣ್ಣುವ ಪದ್ಧತಿಯೊಂದುಂಟು. ಇದಕ್ಕೆ ಬಾರ್ಬೆಕ್ಯೂ ಎಂದು ಹೆಸರು. ಅದರೊಡನೆ ಹಚ್ಚಿಕೊಳ್ಳುವ ಸಾಸು ಇಂದು ಸೀಸೆಗಳಲ್ಲಿ ತುಂಬಿ, ಹಡಗೇರಿ, ಅನೇಕ ದೇಶಗಳ ಅಂಗಡಿಗಳನ್ನು ಸೇರುತ್ತಿದೆ. ಬೆಂಗಳೂರಿನಲ್ಲಿಯೂ ಅದು ದೊರೆಯುತ್ತದೆ. ಒಂದು ನಾಡಿನ ಅಡಿಗೆಮನೆಯ ವ್ಯಂಜನವು ಪರದೇಶದ ಸರಕಾಗಬೇಕಾದರೆ ಯಾವ ಗುಣಗಳು ಬೇಕು? ಆ ವ್ಯಾಪಾರದಲ್ಲಿ ಮೂಲ ಪದಾರ್ಥವನ್ನು ಬೆಳೆಯುವವನ ಸ್ಥಾನವೇನು? ಈ ಎರಡು ಪ್ರಶ್ನೆಗಳನ್ನು ಕಡೂರು ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ವಿಚಾರಿಸುವುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

೧. ಸೀಸೆಯೊಳಗಿನ ಪದಾರ್ಥಗಳು

ಬಾರ್ಬೆಕ್ಯೂ ಸಾಸು ಎಂಬುದು ಒಂದೇ ಬಗೆಯದಲ್ಲ. ಉತ್ತರ ಕ್ಯಾರೊಲಿನದ ಪೂರ್ವಭಾಗದಲ್ಲಿ ಅದು ವಿನೆಗರ್ ಮತ್ತು ಮೆಣಸಿನಕಾಯಿಯ ತೆಳುವಾದ ರಸ. ದಕ್ಷಿಣ ಕ್ಯಾರೊಲಿನದ ಕೆಲವು ಕಡೆ ಸಾಸುವೆಯದು. ಕ್ಯಾನ್ಸಾಸ್ ನಗರದ್ದು ಟೊಮೇಟೊ ಮತ್ತು ಕಾಕಂಬಿಯಿಂದಾದ ಗಟ್ಟಿಯಾದ ಸಿಹಿ ಪಾಕ. ಹೊರದೇಶಗಳಲ್ಲಿ ಹೆಚ್ಚಾಗಿ ಪ್ರಚಾರಕ್ಕೆ ಬಂದಿರುವುದು ಈ ಕೊನೆಯ ಬಗೆ. ಇದರಲ್ಲಿ ಸಾಮಾನ್ಯವಾಗಿ ಸೇರುವವು ಟೊಮೇಟೊ, ಸಕ್ಕರೆ ಅಥವಾ ಕಾಕಂಬಿ, ವಿನೆಗರ್, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಮೆಣಸಿನಕಾಯಿ. ಅನೇಕರು ಇಂಗ್ಲೆಂಡಿನ ವೂಸ್ಟರ್ ಸಾಸನ್ನೂ ಬೆರೆಸುವರು. ಆ ಸಾಸಿಗೆ ಹುಳಿ ಕೊಡುವ ಪದಾರ್ಥಗಳಲ್ಲಿ ನಮ್ಮ ಹುಣಿಸೆಹಣ್ಣೂ ಒಂದು.

ಈ ಪಟ್ಟಿಯನ್ನು ಕಡೂರು ಸೀಮೆಯವರು ಓದಿದರೆ ಅವರಿಗೆ ಅಪರಿಚಿತವಾದುದು ಹೆಚ್ಚೇನೂ ಕಾಣದು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ೧೯೪೭ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಜಿಲ್ಲೆಯ ಪಶ್ಚಿಮದ ಮಲೆನಾಡಿನಲ್ಲಿ ಕಾಫಿ ತೋಟದ ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿದೆ. ಬಾಬಾಬುಡನ್ ಗಿರಿಯ ಪೂರ್ವಕ್ಕೆ ಮಳೆ ಕಡಿಮೆಯಾದಂತೆ ಬಯಲುಸೀಮೆ ತೆರೆದುಕೊಳ್ಳುತ್ತದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಹೊಲಗಳಲ್ಲಿ ರಾಗಿಯೊಡನೆ ಈರುಳ್ಳಿಯೂ ಮೆಣಸಿನಕಾಯಿಯೂ ಬೆಳೆಯುವುವು. ಬೀರೂರು ರೈಲು ದಾರಿಗಳು ಕೂಡುವ ಸ್ಥಳವಾದುದರಿಂದ ಸರಕಿನ ಸಾಗಣೆಗೂ ಇಲ್ಲಿ ಹಳೆಯ ಅನುಕೂಲವಿದೆ.

ಮೆಣಸಿನಕಾಯಿಯ ತವರು ಅಮೆರಿಕ ಖಂಡವೇ ಎಂಬುದನ್ನೂ ಇಲ್ಲಿ ನೆನೆಯಬೇಕು. ೧೬ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಅದು ನಮ್ಮ ನಾಡಿಗೆ ಬಂದಿತು. ಕನ್ನಡವು ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದಿತು. ಬರಬರುತ್ತ ಹಳೆಯ ಮೆಣಸೇ 'ಕರಿಮೆಣಸು', 'ಕಾಳುಮೆಣಸು' ಎಂದು ತನ್ನ ಗುರುತನ್ನು ಹೇಳಿಕೊಳ್ಳಬೇಕಾಯಿತು. ಈ ಎರಡು ಖಾರಗಳೂ ಇಂದು ಅಮೆರಿಕದ ಸೀಸೆಯಲ್ಲಿ ಒಂದಾಗಿವೆ.

ಕಡೂರಿನ ಕಾಯಿಯೇ ಆ ಸೀಸೆಯಲ್ಲಿದೆ ಎಂದು ನಾವು ಸಾಧಿಸಹೊರಟಿಲ್ಲ. ಮಾರುಕಟ್ಟೆಯ ರಾಶಿಯಲ್ಲಿ ಒಮ್ಮೆ ಬೆರೆತ ಮೇಲೆ ಯಾವ ಹೊಲದ ಕಾಯಿ ಎಲ್ಲಿಗೆ ಹೋಯಿತೆಂದು ಹೇಳಬಲ್ಲವರಿಲ್ಲ. ಈ ಅನಾಮಿಕತೆಯೇ ನಮ್ಮ ವಿಚಾರದ ತಿರುಳು ಎಂಬುದು ಮುಂದೆ ಸ್ಪಷ್ಟವಾಗುವುದು.

೨. ವ್ಯಂಜನವು ಸರಕಾಗುವ ಬಗೆ

ಬೆಳಿಗ್ಗೆ ಅರೆದ ಕಾಯಿಚಟ್ನಿ ಸಂಜೆಗೆ ಹಳಸುತ್ತದೆ. ಉಪ್ಪಿನಕಾಯಿ ವರ್ಷವಿಡೀ ಉಳಿಯುತ್ತದೆ. ಸಾಸಿನ ರಫ್ತಿನ ಮೊದಲನೆಯ ರಹಸ್ಯ ಈ ಭೇದದಲ್ಲಿದೆ. ಸೀಸೆಯಲ್ಲಿ ಗಾಳಿಯಿಲ್ಲದೆಯೂ ಬೆಳೆದು ಮಾರಕವಾದ ವಿಷವನ್ನುಂಟುಮಾಡುವ ಬಾಟ್ಯುಲಿನಮ್ ಎಂಬ ಸೂಕ್ಷ್ಮಜೀವಿಯೊಂದುಂಟು. ಆಮ್ಲತೆಯನ್ನು ಅಳೆಯುವ ಪಿ.ಎಚ್. ಮಾನದಲ್ಲಿ ೪.೬ ಅಥವಾ ಅದಕ್ಕೂ ಕಡಿಮೆಯಿರುವ ಆಹಾರದಲ್ಲಿ ಅದು ಬೆಳೆಯಲಾರದು. ೧೯೭೯ರಲ್ಲಿ ಅಮೆರಿಕದ ಸರಕಾರವು ಆಮ್ಲ ಸೇರಿಸಿದ ಆಹಾರಗಳಿಗಾಗಿ ಮಾಡಿದ ನಿಯಮಗಳು ಈ ಅಂಕಿಯನ್ನೇ ಆಧಾರವಾಗಿ ಇಟ್ಟುಕೊಂಡಿವೆ. ವಿನೆಗರಿನ ಹುಳಿಯೂ ಟೊಮೇಟೊವಿನ ಹುಳಿಯೂ ಸೇರಿ ಬಾರ್ಬೆಕ್ಯೂ ಸಾಸನ್ನು ಈ ಮಿತಿಯೊಳಗೆ ಇರಿಸುವುವು; ಸಕ್ಕರೆ ಮತ್ತು ಉಪ್ಪು ನೀರಿನಂಶವನ್ನು ಹಿಡಿದಿಟ್ಟು ಅದಕ್ಕೆ ನೆರವಾಗುವುವು. ಆದುದರಿಂದ ಮುಚ್ಚಿದ ಸೀಸೆಯು ಶೈತ್ಯದ ಅವಶ್ಯಕತೆಯಿಲ್ಲದೆ ಸಮುದ್ರವನ್ನು ದಾಟಬಲ್ಲುದು.

ಎರಡನೆಯದು ಏಕರೂಪತೆ. ಮನೆಯ ಸಾರು ದಿನಕ್ಕೊಂದು ರುಚಿಯಾದರೆ ಯಾರೂ ತಪ್ಪೆಣಿಸುವುದಿಲ್ಲ. ಆದರೆ ಪರದೇಶದ ಕೊಳ್ಳುವವನು ಹಿಂದಿನ ಸೀಸೆಯ ರುಚಿಯನ್ನೇ ಮುಂದಿನದರಲ್ಲಿಯೂ ನಿರೀಕ್ಷಿಸುತ್ತಾನೆ. ಇದಕ್ಕೆ ಲೂಯಿಸಿಯಾನದ ಟಬಾಸ್ಕೊ ಸಾಸು ಒಳ್ಳೆಯ ನಿದರ್ಶನ. ೧೮೬೮ರಲ್ಲಿ ಏವರಿ ದ್ವೀಪದಲ್ಲಿ ಆರಂಭವಾದ ಈ ಉದ್ಯಮವು ಮೆಣಸಿನಕಾಯಿ, ಉಪ್ಪು, ವಿನೆಗರ್ ಎಂಬ ಮೂರೇ ಪದಾರ್ಥಗಳಿಂದ ನಡೆಯುತ್ತದೆ. ಇಂದು ಅದರ ಮೆಣಸಿನಕಾಯಿಯ ಬಹುಭಾಗ ಬೆಳೆಯುವುದು ಲ್ಯಾಟಿನ್ ಅಮೆರಿಕ ಮತ್ತು ಆಫ್ರಿಕ ಖಂಡಗಳಲ್ಲಿ. ಆದರೆ ಬೀಜವನ್ನು ದ್ವೀಪದಿಂದಲೇ ಕಳುಹಿಸುವರು. ಹಣ್ಣು ಎಷ್ಟು ಕೆಂಪಾದಾಗ ಕೊಯ್ಯಬೇಕೆಂಬುದಕ್ಕೆ ಬಣ್ಣ ಬಳಿದ ಪುಟ್ಟ ಕೋಲೊಂದನ್ನು ಅಳತೆಯಾಗಿ ಇಟ್ಟಿರುವರು. ಅರೆದ ಕಾಯಿ ಹಿಂದಿರುಗಿ ಬಂದು, ಓಕ್ ಮರದ ಪೀಪಾಯಿಗಳಲ್ಲಿ ಮೂರು ವರ್ಷಗಳವರೆಗೆ ಮಾಗಿ, ಬಳಿಕ ಸಾಸಾಗುವುದು. ಬೆಳೆಯುವ ನೆಲ ಬದಲಾದರೂ ಬೀಜ, ಕೋಲು, ಪೀಪಾಯಿ ಈ ಮೂರೂ ಯಜಮಾನನ ಕೈಯಲ್ಲಿಯೇ ಉಳಿದಿವೆ. ಸೀಸೆಯ ಮೇಲಿನ ಹೆಸರು ದ್ವೀಪದ್ದು, ಬೆಳೆದವನದಲ್ಲ.

೩. ಬಣ್ಣ ಮತ್ತು ಖಾರಗಳ ಅಳತೆ

ಈ ಏಕರೂಪತೆಯನ್ನು ಸಾಧಿಸಲು ರುಚಿಯನ್ನು ಅಂಕಿಗೆ ತರಬೇಕಾಗುತ್ತದೆ. ಖಾರವನ್ನು ಅಳೆಯುವ ಕ್ರಮವನ್ನು ೧೯೧೨ರಲ್ಲಿ ಅಮೆರಿಕದ ಔಷಧಶಾಸ್ತ್ರಜ್ಞ ವಿಲ್ಬರ್ ಸ್ಕೋವಿಲ್ ಎಂಬುವನು ಸೂಚಿಸಿದನು: ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ಎಷ್ಟು ಪಾಲು ತೆಳುಮಾಡಿದರೆ ನಾಲಗೆಗೆ ಖಾರ ತಿಳಿಯದಾಗುವುದೋ ಅಷ್ಟು ಅದರ ಖಾರ. ಇಂದು ನಾಲಗೆಯ ಬದಲು ಯಂತ್ರವು ಕ್ಯಾಪ್ಸೈಸಿನ್ ಎಂಬ ದ್ರವ್ಯವನ್ನು ಅಳೆಯುತ್ತದೆ. ಬಣ್ಣಕ್ಕೆ ೧೯೦೭ರಲ್ಲಿ ಸ್ಥಾಪಿತವಾದ ಅಮೆರಿಕದ ಸಾಂಬಾರ ವರ್ತಕರ ಸಂಘದ ಮಾನವು ರೂಢಿಯಲ್ಲಿದೆ. ಅದಕ್ಕೆ 'ಆಸ್ಟಾ' ಎಂದು ಹೆಸರು.

ಈ ಮಾನದಿಂದ ಹೆಚ್ಚಿನ ಲಾಭ ಪಡೆದಿರುವುದು ಹಾವೇರಿ ಜಿಲ್ಲೆಯ ಬ್ಯಾಡಗಿ. ಅಲ್ಲಿನ ಹೆಸರಾಂತ ಕಾಯಿ ಸುಕ್ಕುಗಟ್ಟಿದ್ದು, ಕಡು ಕೆಂಪು, ಖಾರ ಕಡಿಮೆ. ಡಬ್ಬಿ, ಕಡ್ಡಿ ಎಂದು ಅದರಲ್ಲಿ ಎರಡು ಬಗೆ. ನಮ್ಮ ಗೃಹಿಣಿಯರು ಸಾರಿನ ಪುಡಿಗೆ ಅದನ್ನು ಮೆಚ್ಚಿದ ಕಾರಣವೂ ಹೊರದೇಶದ ಉದ್ಯಮಿಗಳು ಮೆಚ್ಚಿದ ಕಾರಣವೂ ಒಂದೇ: ಖಾರವೇರದೆ ಬಣ್ಣವೇರುತ್ತದೆ. ಕಾಯಿಯ ತೊಟ್ಟು ತೆಗೆದು, ಪುಡಿಮಾಡಿ, ಹೆಕ್ಸೇನ್ ಮೊದಲಾದ ದ್ರಾವಕದಲ್ಲಿ ನೆನೆಸಿ, ಆ ದ್ರಾವಕವನ್ನು ಆವಿಮಾಡಿ ತೆಗೆದರೆ ಉಳಿಯುವ ಕೆಂಪು ಜಿಡ್ಡಿಗೆ ಓಲಿಯೊರೆಸಿನ್ ಎನ್ನುವರು. ಇದು ಸಾಸಿಗೂ ಮಾಂಸದ ತಿನಿಸಿಗೂ ತುಟಿಗೆ ಹಚ್ಚುವ ಬಣ್ಣಕ್ಕೂ ಬೇಕಾಗುತ್ತದೆ. ೧೯೫೦ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಈ ಬಗೆಯ ಸಾರಗಳ ತಯಾರಿಕೆಯಲ್ಲಿ ಮುಖ್ಯವಾದ ಕೆಲಸ ಮಾಡಿದೆ. ಬ್ಯಾಡಗಿಯ ಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

೪. ಗಡಿಯಲ್ಲಿನ ಪರೀಕ್ಷೆ

ಅಂಕಿಯು ಲಾಭಕ್ಕೆ ದಾರಿಯಾದಂತೆ ಪ್ರಲೋಭನೆಗೂ ದಾರಿಯಾಗುತ್ತದೆ. ಬಣ್ಣಕ್ಕೆ ಬೆಲೆಯಿದ್ದರೆ ಬಣ್ಣವನ್ನೇ ಬೆರೆಸುವವರೂ ಹುಟ್ಟುವರು. ೨೦೦೩ರಲ್ಲಿ ಭಾರತದಿಂದ ಹೋದ ಮೆಣಸಿನಕಾಯಿಯ ಪುಡಿಯಲ್ಲಿ ಸುಡಾನ್ ಎಂಬ ಕೈಗಾರಿಕೆಯ ಬಣ್ಣವು ಫ್ರಾನ್ಸಿನಲ್ಲಿ ಪತ್ತೆಯಾಯಿತು. ಯೂರೋಪಿನ ಒಕ್ಕೂಟವು ಕೂಡಲೇ ಪರೀಕ್ಷಾಪತ್ರವನ್ನು ಕಡ್ಡಾಯಗೊಳಿಸಿತು. ನಮ್ಮ ಸಾಂಬಾರ ಮಂಡಲಿಯೂ ಅದೇ ವರ್ಷ ರಫ್ತಿನ ಮೊದಲೇ ಪರೀಕ್ಷೆ ನಡೆಯಬೇಕೆಂದು ವಿಧಿಸಿತು. ಆದರೆ ಅದಕ್ಕೆ ಮುಂಚೆಯೇ ಹೊರಟಿದ್ದ ಕಲಬೆರಕೆಯ ಪುಡಿ ಬ್ರಿಟನ್ನಿನ ಒಂದು ವೂಸ್ಟರ್ ಸಾಸನ್ನು ಸೇರಿತ್ತು. ಆ ಸಾಸು ಬೇರೆ ತಿನಿಸುಗಳಿಗೂ ಬಳಕೆಯಾಗಿದ್ದುದರಿಂದ ೨೦೦೫ರ ಫೆಬ್ರವರಿಯಲ್ಲಿ ನೂರಾರು ಬಗೆಯ ಆಹಾರಗಳನ್ನು ಅಂಗಡಿಗಳಿಂದ ಹಿಂತೆಗೆಯಬೇಕಾಯಿತು. ಬೆರೆಸಿದವರು ಕೆಲವರು, ಸಂದೇಹಕ್ಕೆ ಗುರಿಯಾದುದು ಇಡೀ ದೇಶದ ಮೆಣಸಿನಕಾಯಿ.

ಎಲ್ಲ ದೋಷವೂ ವಂಚನೆಯಿಂದ ಬರುವುದಿಲ್ಲ. ಕೊಯ್ದ ಕಾಯಿಯನ್ನು ಬರಿಯ ನೆಲದಲ್ಲಿ ಹರಡಿ, ಮಂಜಿನಲ್ಲಿ ಬಿಟ್ಟು, ಅರೆಯೊಣಗಿದ್ದಾಗಲೇ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ತೂಕ ಹೆಚ್ಚಲೆಂದೋ ಕಾಯಿ ಮುರಿಯದಿರಲೆಂದೋ ನೀರು ಚಿಮುಕಿಸುವ ರೂಢಿಯೂ ಇದಕ್ಕೆ ಸಹಾಯಕ. ಈ ಬೂಷ್ಟಿನ ಕೆಲವು ಜಾತಿಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುವುವು. ಮೆಣಸಿನಕಾಯಿಯಲ್ಲಿ ಅದರ ಒಟ್ಟು ಪ್ರಮಾಣ ಕಿಲೋಗ್ರಾಮಿಗೆ ೧೦ ಮೈಕ್ರೋಗ್ರಾಮನ್ನು ಮೀರಬಾರದೆಂದು ಯೂರೋಪಿನ ನಿಯಮ. ಅಮೆರಿಕದಲ್ಲಿ ಮಿತಿ ೨೦.

ದೇಶದಿಂದ ದೇಶಕ್ಕೆ ನಿಯಮ ಬದಲಾಗುವುದು ಇನ್ನೊಂದು ತೊಡಕು. ಸೂಕ್ಷ್ಮಜೀವಿಗಳನ್ನು ಕೊಲ್ಲಲು ಸಾಂಬಾರ ಪದಾರ್ಥಗಳಿಗೆ ಎಥಿಲೀನ್ ಆಕ್ಸೈಡ್ ಅನಿಲವನ್ನು ಹಾಯಿಸುವುದುಂಟು. ೨೦೨೪ರ ಏಪ್ರಿಲಿನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರಗಳು ಭಾರತದ ಕೆಲವು ಮಸಾಲೆ ಪುಡಿಗಳನ್ನು ಇದೇ ಕಾರಣಕ್ಕೆ ತಡೆದುವು. ಆಗ ಅಮೆರಿಕವು ಈ ಅನಿಲದ ಶೇಷವನ್ನು ಹತ್ತು ಲಕ್ಷಕ್ಕೆ ೭ ಭಾಗಗಳವರೆಗೆ ಒಪ್ಪುತ್ತಿದ್ದಿತು. ಯೂರೋಪಾದರೋ ಅದರ ಬಳಕೆಯನ್ನೇ ನಿಷೇಧಿಸಿದ್ದಿತು. ಒಂದು ಬಂದರಿನಲ್ಲಿ ಶುದ್ಧಿಯೆನಿಸಿದುದು ಇನ್ನೊಂದರಲ್ಲಿ ದೋಷವಾಯಿತು.

ಹೆಸರುಪಟ್ಟಿಯ ವಿಷಯದಲ್ಲಿಯೂ ಹೀಗೆಯೇ. ನಮ್ಮ ಸಾರಿನ ಪುಡಿಯಲ್ಲಿ ಇಂಗು ಇರುತ್ತದೆ. ಅಂಗಡಿಯ ಇಂಗಿನಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ. ಗೋಧಿಯನ್ನು ಒಗ್ಗದವರು ಇರುವುದರಿಂದ ಅದನ್ನು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಕಾಣಿಸಬೇಕೆಂದು ೨೦೦೬ರಿಂದ ಅಮೆರಿಕದ ಕಾನೂನು ವಿಧಿಸುತ್ತದೆ. ೨೦೨೩ರಲ್ಲಿ ಎಳ್ಳೂ ಆ ಪಟ್ಟಿಗೆ ಸೇರಿತು. ಸಾಸುವೆಯನ್ನು ಯೂರೋಪಿನಲ್ಲಿ ಹೀಗೆಯೇ ಕಾಣಿಸಬೇಕು. ಅಮೆರಿಕದ ಪಟ್ಟಿಯಲ್ಲಿ ಅದಿಲ್ಲ. ಚಿಟಿಕೆಯಷ್ಟು ಇಂಗಿನ ವೃತ್ತಾಂತವನ್ನೂ ಅರಿಯದೆ ಸಾರಿನ ಪುಡಿಯನ್ನು ಹಡಗೇರಿಸುವಂತಿಲ್ಲ.

೫. ಬೆಳೆಗಾರನ ಗುರುತು

ಇಷ್ಟರಿಂದ ಒಂದು ಸಂಗತಿ ಸಿದ್ಧವಾಗುತ್ತದೆ. ಹೊರದೇಶದವನು ಬೆಲೆ ಕೊಡುವುದು ರುಚಿಗೆ ಮಾತ್ರವಲ್ಲ. 'ಇದು ಇಂಥದೇ, ಇಷ್ಟೇ, ಇಲ್ಲಿಂದಲೇ ಬಂದುದು' ಎಂಬ ಭರವಸೆಗೆ. ಈ ಭರವಸೆಯನ್ನು ಕೊಡಬಲ್ಲವನಿಗೆ ಸೀಸೆಯ ಬೆಲೆ. ಕೊಡಲಾರದವನಿಗೆ ಚೀಲದ ಬೆಲೆ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಉಪಾಹಾರಗೃಹವಾಗಿ ಹುಟ್ಟಿದ ಎಂ.ಟಿ.ಆರ್. ಹೆಸರು ಮಸಾಲೆ ಪುಡಿಗಳ ಮೂಲಕ ಪರದೇಶದ ಕನ್ನಡಿಗರ ಮನೆಗಳನ್ನು ಸೇರಿದುದೂ, ೨೦೦೭ರಲ್ಲಿ ಅದರ ಆಹಾರೋದ್ಯಮವನ್ನು ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡುದೂ, ಇಂಥ ಭರವಸೆಗಿರುವ ಬೆಲೆಯನ್ನೇ ತೋರಿಸುತ್ತವೆ.

ಆದರೆ ಭರವಸೆಯ ಮೂಲವಾದ ಶುದ್ಧಿ ಹುಟ್ಟುವುದು ಹೊಲದಲ್ಲಿ, ಕಣದಲ್ಲಿ. ಕಡೂರು ಸೀಮೆಯ ರೈತನೊಬ್ಬನು ಟಾರ್ಪಾಲಿನ ಮೇಲೆ ಕಾಯನ್ನು ಹರಡಿ, ರಾತ್ರಿ ಮುಚ್ಚಿ, ತೇವವು ಶೇಕಡ ೧೧ಕ್ಕಿಂತ ಇಳಿಯುವವರೆಗೆ ಕಾದು ಮಾರುಕಟ್ಟೆಗೆ ತರುತ್ತಾನೆನ್ನೋಣ. ಒಣಗಿದಷ್ಟೂ ಅವನ ತೂಕ ಕಡಿಮೆ. ಅವನ ಕಾಯಿ ನೆರೆಯವನ ತೇವದ ಕಾಯಿಯೊಡನೆ ಒಂದೇ ರಾಶಿಯಾದರೆ ಅವನ ಶ್ರಮವು ನಷ್ಟವಾಗಿ ಪರಿಣಮಿಸುತ್ತದೆ. ಶುದ್ಧಿಗೆ ದಂಡ ತೆರುವ ವ್ಯವಸ್ಥೆಯಲ್ಲಿ ಶುದ್ಧಿಯನ್ನು ಉಪದೇಶದಿಂದ ಬೆಳೆಸಲಾಗದು. ಗುರುತು ಉಳಿದರೆ ಮಾತ್ರ ಗುಣಕ್ಕೆ ಬೆಲೆ ಬರುವುದು.

ಗುರುತನ್ನು ಉಳಿಸಲು ಕರ್ನಾಟಕದಲ್ಲಿ ಮೂರು ಮಾರ್ಗಗಳು ಕಾಣುತ್ತವೆ. ಮೊದಲನೆಯದು ಬ್ಯಾಡಗಿಯ ಭೌಗೋಳಿಕ ಸೂಚಕ. ಅದು ಸೀಮೆಯ ಹೆಸರನ್ನು ಕಾಯುತ್ತದೆ; ಆದರೆ ಆ ಸೀಮೆಯೊಳಗೆ ಎಚ್ಚರದ ರೈತನನ್ನೂ ಅಸಡ್ಡೆಯ ರೈತನನ್ನೂ ಬೇರೆಮಾಡಲಾರದು. ಎರಡನೆಯದು ಮಿಡಿಸೌತೆಯ ಒಪ್ಪಂದದ ಬೇಸಾಯ. ಸುಮಾರು ೧೯೯೦ರಿಂದೀಚೆಗೆ ಬೆಳೆದ ಈ ಉದ್ಯಮದಲ್ಲಿ ಕಂಪನಿಯೇ ಬೀಜ, ಗೊಬ್ಬರಗಳನ್ನು ಕೊಟ್ಟು, ಮಿಡಿಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ ಕೊಂಡು, ಉಪ್ಪುನೀರು ಅಥವಾ ವಿನೆಗರಿನಲ್ಲಿಟ್ಟು ಯೂರೋಪು, ಅಮೆರಿಕಗಳಿಗೆ ಕಳುಹಿಸುತ್ತದೆ. ಇಲ್ಲಿ ಪ್ರತಿಯೊಂದು ಹೊಲದ ಗುರುತೂ ಉಳಿಯುತ್ತದೆ. ಆದರೆ ಮಿಡಿಸೌತೆಗೆ ನಮ್ಮ ಸಂತೆಗಳಲ್ಲಿ ಗಿರಾಕಿಯಿಲ್ಲ. ಒಂದು ದಿನ ತಡವಾಗಿ ಕೊಯ್ದರೂ ದರ್ಜೆ ಇಳಿಯುತ್ತದೆ. ಕಂಪನಿ ಬೇಡವೆಂದ ಮಿಡಿ ತಿಪ್ಪೆಗೆ. ಟಬಾಸ್ಕೊ ದ್ವೀಪದ ಬೀಜ ಮತ್ತು ಕೋಲುಗಳ ಕಥೆ ಇಲ್ಲಿಯೂ ಪುನರಾವೃತ್ತವಾಗಿದೆ. ಮೂರನೆಯದು, ೨೦೦೨ರ ಕಂಪನಿ ಕಾಯಿದೆಯ ತಿದ್ದುಪಡಿಯಿಂದ ಸಾಧ್ಯವಾದ ಬೆಳೆಗಾರರ ಉತ್ಪಾದಕ ಕಂಪನಿಗಳು. ರೈತರೇ ಕೂಡಿ ಒಣಗಿಸಿ, ತೇವವನ್ನಳೆದು, ರಾಶಿಗಳನ್ನು ಬೇರೆಬೇರೆಯಾಗಿಟ್ಟು, ಪರೀಕ್ಷೆಯ ಪತ್ರದೊಡನೆ ಮಾರುವುದು ಇದರ ಆಶಯ. ಇದರಲ್ಲಿ ಬಂಡವಾಳದ ಕೊರತೆಯೂ ಆಡಳಿತದ ತೊಡಕುಗಳೂ ಉಂಟು. ಆದರೂ ಅಳತೆಯ ಕೋಲು ಬೆಳೆದವನ ಕೈಯಲ್ಲಿರುವುದು ಈ ಮಾರ್ಗದಲ್ಲಿ ಮಾತ್ರ.

ಮೆಣಸಿನಕಾಯಿ, ಈರುಳ್ಳಿ, ಕಾಳುಮೆಣಸು, ಹುಣಿಸೆ ಇವುಗಳು ಒಂದೇ ಜಿಲ್ಲೆಯಲ್ಲಿ ದೊರೆಯುವ ಕಡೂರು ಸೀಮೆಗೆ ಈ ಮೂರನೆಯ ಮಾರ್ಗವು ವಿಶೇಷವಾಗಿ ಒಗ್ಗುವುದೆಂದು ನಮ್ಮ ಅಭಿಪ್ರಾಯ. ಅಮೆರಿಕದ ಸಾಸನ್ನು ಇಲ್ಲಿ ತಯಾರಿಸಬೇಕೆಂದು ನಾವು ಹೇಳುತ್ತಿಲ್ಲ. ಸೀಸೆಯನ್ನು ಯಾರೇ ತುಂಬಲಿ, ಅದರೊಳಗಿನ ಕಾಯಿ ಯಾವ ಹೊಲದ್ದೆಂಬ ದಾಖಲೆ ಅದರೊಡನೆ ಹೋಗುವಂತಾದರೆ ಬೆಳೆಗಾರನು ಬೆಲೆಯ ಮಾತಿಗೆ ಕೂರಬಲ್ಲನು. ತೇವವನ್ನಳೆಯುವ ಒಂದು ಸಣ್ಣ ಯಂತ್ರ, ರಾಶಿಗೊಂದು ಚೀಟಿ, ಅದರ ಲೆಕ್ಕವಿಡುವ ಒಂದು ಪುಸ್ತಕ ಇಷ್ಟರಿಂದಲೇ ಈ ಕೆಲಸ ಆರಂಭವಾಗಬಹುದು. ವಾಣಿಜ್ಯ, ರಸಾಯನಶಾಸ್ತ್ರ ಮತ್ತು ಅರ್ಥಶಾಸ್ತ್ರಗಳನ್ನು ಓದುತ್ತಿರುವ ಈ ಸೀಮೆಯ ಕಾಲೇಜು ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಮಾರುಕಟ್ಟೆಯಲ್ಲಿ ಒಂದು ಸುಗ್ಗಿಯ ಕಾಲ ಇದನ್ನು ನಡೆಸಿ, ಒಣಗಿದ ಕಾಯಿಗೂ ತೇವದ ಕಾಯಿಗೂ ದೊರೆತ ಬೆಲೆಗಳನ್ನು ದಾಖಲಿಸಿದರೆ, ಮುಂದಿನ ಚರ್ಚೆಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇರೊಂದಿರಲಾರದು.