ಕಾರ್ಮಿಕನ ಮನಸ್ಸೂ ಮಾಲೀಕನ ಹೊಣೆ

ಭದ್ರಾವತಿಯ ನ್ಯೂಟೌನ್, ಪೇಪರ್‌ಟೌನ್‌ಗಳಲ್ಲಿ ಬೆಳೆದವರಿಗೆ ಪಾಳಿ ಎಂದರೆ ಕೇವಲ ಕೆಲಸದ ವೇಳೆಯಲ್ಲ. ಊಟ, ನಿದ್ರೆ, ಮಕ್ಕಳ ಓದು, ಸಂಜೆಯ ಜಪಸರ ಎಲ್ಲವೂ ತಂದೆಯ ಪಾಳಿಯನ್ನು ನೋಡಿಕೊಂಡೇ ನಡೆಯುತ್ತಿದ್ದವು. ಇಂತಹ ಊರಿನಲ್ಲಿ ಕಾರ್ಖಾನೆಯ ಕಳವಳ ಮನೆಯೊಳಗೂ ಬರುವುದು ಸಹಜ.

ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. 1923ರಿಂದ ಕಬ್ಬಿಣ ಕರಗಿಸಿದ ವಿಶ್ವೇಶ್ವರಯ್ಯನವರ ಕಾರ್ಖಾನೆಯ ಷೇರು ವಿಕ್ರಯಕ್ಕೆ 2016ರಲ್ಲಿ ತಾತ್ವಿಕ ಒಪ್ಪಿಗೆ ದೊರೆಯಿತು. 2022ರಲ್ಲಿ ಆ ಪ್ರಯತ್ನವನ್ನು ಕೈಬಿಡಲಾಯಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನವಾಯಿತು. ಗುತ್ತಿಗೆ ಕಾರ್ಮಿಕರು ದೀರ್ಘಕಾಲ ಧರಣಿ ಕುಳಿತರು. ಅದೇ ವರ್ಷದ ಆಗಸ್ಟ್‌ನಲ್ಲಿ ಕೆಲವು ಘಟಕಗಳು ಮತ್ತೆ ಚಾಲನೆಗೊಂಡವು. ಕೆಲಸ ಹೋದರೆ ದುಃಖವಾಗುತ್ತದೆ, ಆದರೆ ಮನುಷ್ಯ ಬೇರೆ ದಾರಿ ಹುಡುಕುತ್ತಾನೆ. ಇದೆಯೋ ಇಲ್ಲವೋ ಎಂಬ ಸ್ಥಿತಿಯಲ್ಲಿ ಮಗಳ ಮದುವೆಯನ್ನು ಗೊತ್ತುಮಾಡಲೂ ಆಗದು, ಊರು ಬಿಡಲೂ ಆಗದು. ವರ್ಷಗಟ್ಟಲೆ ಈ ತೂಗುಯ್ಯಾಲೆಯಲ್ಲಿದ್ದವನಿಗೆ ನಿದ್ರೆ ಬಾರದಿದ್ದರೆ ಅದು ಅವನ ದೌರ್ಬಲ್ಯವಲ್ಲ.

ಆದ್ದರಿಂದ ಆಡಳಿತವರ್ಗ ಮಾಡಬಹುದಾದ ಮೊದಲ ಉಪಕಾರವೆಂದರೆ ಸಕಾಲದಲ್ಲಿ ಸತ್ಯ ಹೇಳುವುದು. ಸುದ್ದಿ ಕಹಿಯಾಗಿದ್ದರೂ ಚಹಾದಂಗಡಿಯ ಗಾಳಿಮಾತಿಗಿಂತ ಮೊದಲು ಅಧಿಕಾರಿಯ ಬಾಯಿಂದಲೇ ಕಾರ್ಮಿಕನಿಗೆ ತಲುಪಬೇಕು; ಖಾಯಂ ನೌಕರನಿಗೆ ತಿಳಿದದ್ದು ಗುತ್ತಿಗೆಯವನಿಗೂ ತಿಳಿಯಬೇಕು. ಸಂಬಳ ಯಾವ ದಿನ ಬರುತ್ತದೆಂಬ ಖಚಿತತೆಯೂ ಮನಸ್ಸಿಗೆ ಮದ್ದೇ. ಮಿತಿಮೀರಿದ ದುಡಿತ ದೇಹವನ್ನಷ್ಟೇ ಅಲ್ಲ, ಮನಸ್ಸನ್ನೂ ಮಂಕಾಗಿಸುವುದೆಂದು ಜಗದ್ಗುರು ಹದಿಮೂರನೆಯ ಲಿಯೋರವರು 1891ರ 'ರೇರುಂ ನೊವಾರುಂ' ಪರಿಪತ್ರದಲ್ಲಿಯೇ ಮಾಲೀಕರನ್ನು ಎಚ್ಚರಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಖಿನ್ನತೆ ಮತ್ತು ಆತಂಕಗಳಿಂದ ಜಗತ್ತು ಪ್ರತಿವರ್ಷ ಸುಮಾರು 1200 ಕೋಟಿ ಕೆಲಸದ ದಿನಗಳನ್ನು ಕಳೆದುಕೊಳ್ಳುತ್ತಿದೆ. ಲಾಭನಷ್ಟದ ಭಾಷೆಯನ್ನಷ್ಟೇ ಬಲ್ಲವರಿಗೆ ಈ ಲೆಕ್ಕವಾದರೂ ಅರ್ಥವಾದೀತು.

ಮಾಚೇನಹಳ್ಳಿಯಂತಹ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಿಗೆ ಆಪ್ತಸಲಹೆಗಾರರನ್ನು ನೇಮಿಸುವ ಶಕ್ತಿ ಇರಲಾರದು. ಆದರೆ ಕಾರ್ಮಿಕನನ್ನು ದಿನವೂ ನೋಡುವ ಮೇಲ್ವಿಚಾರಕನಿಗೆ ತಿಳಿವಳಿಕೆ ನೀಡಬಹುದು. ಮಾತು ಕಡಿಮೆಯಾದವನು, ಪದೇ ಪದೇ ರಜೆ ಹಾಕುವವನು, ಹೊಸದಾಗಿ ಕುಡಿತಕ್ಕೆ ಬಿದ್ದವನು: ಇವರಿಗೆ ನೋಟೀಸು ಕೊಡುವ ಮೊದಲು ಬದಿಗೆ ಕರೆದು ಕುಶಲ ವಿಚಾರಿಸಲು ಖರ್ಚೇನೂ ತಗಲದು. ಆಡಿದ ಮಾತು ಮಾತ್ರ ಅಲ್ಲಿಯೇ ಉಳಿಯಬೇಕು. ವಸತಿಗೃಹಗಳ ಸಾಲಿನಲ್ಲಿ ಒಬ್ಬರ ಔಷಧದ ಚೀಟಿ ಎಲ್ಲರ ಸುದ್ದಿಯಾಗುವುದನ್ನು ನಾವು ಬಲ್ಲೆವು. ಅನೇಕರು ವೈದ್ಯರ ಬಳಿಗೆ ಹೋಗದಿರುವುದು ಇದೇ ಅಂಜಿಕೆಯಿಂದ.

ಚಿಕಿತ್ಸೆ ಪಡೆದು ಮರಳುವವನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕೆಲವು ಮಾತ್ರೆಗಳಿಂದ ತೂಕಡಿಕೆ ಬರುತ್ತದೆ. ನಿದ್ರೆಗೆಟ್ಟರೆ ಕೆಲವು ಕಾಯಿಲೆಗಳು ಮರುಕಳಿಸುತ್ತವೆ. ವೈದ್ಯರು ಹೇಳುವಷ್ಟು ಕಾಲ ಅವನನ್ನು ಕುಲುಮೆಯಿಂದಲೂ ರಾತ್ರಿ ಪಾಳಿಯಿಂದಲೂ ದೂರವಿರಿಸಿ ಹಗಲು ಕೆಲಸ ಕೊಡಬೇಕು. ಇದು ದಯೆಯಲ್ಲ, ಸುರಕ್ಷತೆ. ತೀವ್ರ ಮನೋರೋಗಕ್ಕೆ ತುತ್ತಾದ ವಿಮೆದಾರ ಕಾರ್ಮಿಕನಿಗೆ, ಅರ್ಹತೆಯ ಷರತ್ತುಗಳಿಗೊಳಪಟ್ಟು, ಇಎಸ್‌ಐ ಯೋಜನೆಯಲ್ಲಿ ದೀರ್ಘಾವಧಿಯ ಅನಾರೋಗ್ಯ ಭತ್ಯೆಯೂ ಉಂಟು. ಈ ಅರ್ಜಿಯನ್ನು ತುಂಬಿಸಿಕೊಡುವ ಗುಮಾಸ್ತನೊಬ್ಬನಿದ್ದರೆ ಒಂದು ಸಂಸಾರ ಸಾಲಕ್ಕೆ ಬೀಳುವುದು ತಪ್ಪುತ್ತದೆ.

ಶಿವಮೊಗ್ಗೆಗೆ ಈ ವಿಷಯ ಹೊಸತೇನೂ ಅಲ್ಲ. 2016ರಲ್ಲಿ ನಿಧನರಾದ ಮನೋವೈದ್ಯ ಡಾ. ಅಶೋಕ್ ಪೈಯವರು ಚಿಕಿತ್ಸೆಯ ಜೊತೆಗೆ ಕಥೆ, ಚಲನಚಿತ್ರಗಳ ಮೂಲಕವೂ ಮನೋರೋಗದ ಬಗೆಗಿನ ಭಯವನ್ನು ಹೋಗಲಾಡಿಸಲು ಇಲ್ಲಿಂದಲೇ ಶ್ರಮಿಸಿದರು. ಈಗ ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕಾರ್ಖಾನೆಯ ಗೇಟಿನ ಬಳಿ ಅಗ್ನಿಶಾಮಕ ದಳದ ಸಂಖ್ಯೆಯನ್ನು ಬರೆಸಿರುವ ಮಾಲೀಕರು, ಅದರ ಕೆಳಗೆ ಇದನ್ನೂ ಬರೆಸಲಿ.