ಗದ್ದಲ ಏರಿದರೆ ದನಿಯೂ ಏರುತ್ತದೆ! ನಿಮಗಿದು ಗೊತ್ತೇ?

ಇಯರ್‌ಫೋನ್ ಸಿಕ್ಕಿಸಿಕೊಂಡು ಜೋರಾಗಿ ಹಾಡು ಕೇಳುತ್ತಿರುವವರನ್ನು ಮಾತನಾಡಿಸಿ ನೋಡಿ. ಪಕ್ಕದಲ್ಲೇ ಇರುವ ನಿಮಗೆ ಕೂಗಿ ಉತ್ತರಿಸುತ್ತಾರೆ! ಸದ್ದಿರುವುದು ಅವರ ಕಿವಿಯೊಳಗೆ ಮಾತ್ರ. ಆದರೂ ದನಿ ತಾನಾಗಿಯೇ ಏರಿಬಿಡುತ್ತದೆ.

ಇದಕ್ಕೆ ‘ಲೊಂಬಾರ್ಡ್ ಪರಿಣಾಮ’ ಎಂದು ಹೆಸರು. 1911ರಲ್ಲಿ ಇದರ ಬಗ್ಗೆ ಬರೆದವರು ಫ್ರಾನ್ಸಿನ ಕಿವಿ-ಮೂಗು-ಗಂಟಲು ವೈದ್ಯ ಎತಿಯೆನ್ ಲೊಂಬಾರ್ಡ್.

ಕಿವುಡಿನ ನಾಟಕವಾಡುವವರನ್ನು ಹಿಡಿಯಲೂ ಇದು ಸಾಕು! ಏನಾದರೂ ಗಟ್ಟಿಯಾಗಿ ಓದಲು ಹೇಳಿ, ಎರಡೂ ಕಿವಿಗೆ ಜೋರು ಸದ್ದು ಕೇಳಿಸುವುದು. ನಿಜಕ್ಕೂ ಕಿವಿ ಕೇಳದವರ ದನಿ ಹಾಗೇ ಇರುತ್ತದೆ. ನಾಟಕವಾದರೆ ದನಿಯೇ ಏರಿ ಗುಟ್ಟು ಬಿಟ್ಟುಕೊಡುತ್ತದೆ!

ಗದ್ದಲದಲ್ಲಿ ನಾವು ಬರೀ ಜೋರಾಗಿ ಮಾತನಾಡುವುದಿಲ್ಲ. ಶ್ರುತಿಯೂ ಏರುತ್ತದೆ, ಸ್ವರಾಕ್ಷರಗಳ ಉಚ್ಚಾರವೂ ಉದ್ದವಾಗುತ್ತದೆ. ಮಾಮೂಲಿ ಮಾತನ್ನು ಸ್ಪೀಕರಿನಲ್ಲಿ ಅಷ್ಟೇ ಜೋರು ಮಾಡಿದರೂ ಇಷ್ಟು ಸ್ಪಷ್ಟವಾಗಿ ಕೇಳಿಸದು!

ಹಳೆಯ ಲ್ಯಾಂಡ್‌ಲೈನ್ ರಿಸೀವರಿನಲ್ಲಿ ನಿಮ್ಮ ದನಿಯೇ ನಿಮಗೆ ಒಂದಿಷ್ಟು ಕೇಳಿಸುತ್ತಿತ್ತು. ಅದು ಹೆಚ್ಚಾದರೆ ಜನ ಮೆತ್ತಗೆ ಮಾತನಾಡುತ್ತಾರೆ. ಕಡಿಮೆಯಾದರೆ ಕೂಗುತ್ತಾರೆ!

ಇದು ಮನುಷ್ಯರ ಕಥೆ ಮಾತ್ರವಲ್ಲ. ಅಮೆರಿಕದ ವಾಷಿಂಗ್ಟನ್ ಕರಾವಳಿಯ ಓರ್ಕಾ ತಿಮಿಂಗಿಲಗಳ ಲೆಕ್ಕ ನೋಡಿ. ಸುತ್ತಲಿನ ಸದ್ದು 1 ಡೆಸಿಬೆಲ್ ಏರಿದರೆ ಕೂಗೂ 1 ಡೆಸಿಬೆಲ್ ಏರುತ್ತದೆ. ಎಷ್ಟು ಕರಾರುವಾಕ್ಕು!

‘ಬಿಗ್ ಬ್ರೌನ್’ ಎಂಬ ಬಾವಲಿ ಇನ್ನೂ ಚುರುಕು. ಸದ್ದು ಕಿವಿಗೆ ಬಿದ್ದ ಸುಮಾರು 30 ಮಿಲಿಸೆಕೆಂಡಿನಲ್ಲಿ ದನಿ ಏರಿಸಿರುತ್ತದೆ. ಅಷ್ಟರಲ್ಲಿ ನೀವು ಒಮ್ಮೆ ರೆಪ್ಪೆ ಮಿಟುಕಿಸಲೂ ಆಗದು!

ಬರ್ಲಿನ್ನಿನ ನೈಟಿಂಗೇಲ್ ಹಕ್ಕಿಗಳಿಗೂ ಕೆಲಸದ ದಿನ, ರಜಾದಿನ ಬೇರೆ ಬೇರೆ! ವಾಹನ ಹೆಚ್ಚಿರುವ ಕೆಲಸದ ದಿನ ಬೆಳಿಗ್ಗೆ ಜೋರು ಹಾಡು. ವಾರಾಂತ್ಯದಲ್ಲಿ ಮೆಲುದನಿ.

ನೆದರ್ಲೆಂಡ್ಸಿನ ಲೈಡನ್ ಊರಿನ ‘ಗ್ರೇಟ್ ಟಿಟ್’ ಹಕ್ಕಿಗಳ ಉಪಾಯವೇ ಬೇರೆ. ವಾಹನಗಳದು ತಗ್ಗು ಸ್ವರದ ಮೊರೆತ. ಅದಕ್ಕೇ ಗಲಾಟೆಯ ಬೀದಿಯ ಹಕ್ಕಿಗಳು ತಗ್ಗು ಸ್ವರಗಳನ್ನೇ ಕೈಬಿಟ್ಟು ಮೇಲಿನ ಸ್ವರದಲ್ಲಿ ಹಾಡುತ್ತವೆ!

ಇಂಗ್ಲೆಂಡಿನ ಶೆಫೀಲ್ಡಿನ ರಾಬಿನ್‌ಗಳೋ ಹಾಡುವ ಹೊತ್ತನ್ನೇ ಬದಲಿಸಿವೆ. ಹಗಲು ಸದ್ದು ಜಾಸ್ತಿಯಿರುವ ಕಡೆ ಅವು ಹಾಡುವುದು ರಾತ್ರಿ!

ಚೀನಾದ ಹುವಾಂಗ್‌ಶಾನ್ ಬೆಟ್ಟದಲ್ಲಿ ಭೋರ್ಗರೆಯುವ ತೊರೆ. ಅಲ್ಲಿನ ಒಂದು ಜಾತಿಯ ಕಪ್ಪೆಯ ಕೂಗು ಶ್ರವಣಾತೀತ ಮಟ್ಟಕ್ಕೂ ಏರುತ್ತದೆ. ಕೂಗಿನ ಆ ಭಾಗ ನಮ್ಮ ಕಿವಿಗೆ ಕೇಳಿಸುವುದೇ ಇಲ್ಲ. ಆದರೆ ಇನ್ನೊಂದು ಕಪ್ಪೆಗೆ ಕೇಳಿಸುತ್ತದೆ!

ನಮ್ಮ ಪಶ್ಚಿಮ ಘಟ್ಟದ ‘ಕುಣಿಯುವ ಕಪ್ಪೆ’ಗಳನ್ನು ಬಲ್ಲಿರಾ? ತೊರೆಯ ಸದ್ದಿನ ನಡುವೆ ಗಂಡು ಕಪ್ಪೆ ಕೂಗುವುದಷ್ಟೇ ಅಲ್ಲ, ಹಿಂಗಾಲು ಚಾಚಿ ಬೀಸುತ್ತದೆ! ಅವುಗಳಲ್ಲೊಂದರ ವೈಜ್ಞಾನಿಕ ಹೆಸರು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಹೌದು, ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರವೇ!

ಸದ್ದು ಇಳಿದರೆ ಏನಾಗುತ್ತದೆ? ಉತ್ತರ ಸಿಕ್ಕಿದ್ದು 2020ರ ಲಾಕ್‌ಡೌನಿನಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ರಸ್ತೆಗಳು ಖಾಲಿಯಾದವು. ಅಲ್ಲಿನ ಬಿಳಿನೆತ್ತಿಯ ಗುಬ್ಬಿಗಳು ದನಿ ತಗ್ಗಿಸಿದವು, ತಗ್ಗು ಸ್ವರಗಳಿಗೂ ಇಳಿದವು. ಮೆತ್ತಗೆ ಹಾಡಿದರೂ ಹಾಡು ಮೊದಲಿಗಿಂತ ಎರಡು ಪಟ್ಟು ದೂರ ಮುಟ್ಟಿತು!